ಎರಡನೆಯ ಕೀಲಿಕೈ ಎಲ್ಲಿದೆ?



ರಜೆಯಲ್ಲಿ ಊರಿಗೆ ಹೊರಡುವಾಗ ನಮ್ಮ ಕಟ್ಟಡಗಳಲ್ಲಿ ನಡೆಯುವ ಒಂದು ಪದ್ಧತಿ ನಿಮಗೆ ಗೊತ್ತೇ ಇದೆ. ಬೀಗ ಹಾಕಿ ಒಂದು ಕೀಲಿಕೈಯನ್ನು ಅಪ್ಪ ಜೇಬಿಗೆ ಹಾಕಿಕೊಳ್ಳುತ್ತಾರೆ, ಇನ್ನೊಂದನ್ನು ಅಮ್ಮ ಎದುರು ಮನೆಯವರಿಗೆ ಕೊಟ್ಟು ಬರುತ್ತಾರೆ. ನಲ್ಲಿ ತೆರೆದೇ ಇದ್ದರೆ? ದಾರಿಯಲ್ಲಿ ಜೇಬಿನ ಕೈ ಕಳೆದುಹೋದರೆ? ಈ ಸಣ್ಣ ವಿವೇಕ ನಮ್ಮ ತಾಯಂದಿರಿಗೆ ಯಾರೂ ಕಲಿಸದೆ ಬಂದದ್ದು. ಕಂಪ್ಯೂಟರ್ ಬಲ್ಲ ನನಗೆ ಮಾತ್ರ ಅದು ಇರಲಿಲ್ಲ. ಅದರ ಬೆಲೆ ಏನೆಂಬುದನ್ನು ಹೇಳುವುದಕ್ಕೇ ಈ ಲೇಖನ.

2014ರಲ್ಲಿ ನಮ್ಮ ಮನೆಯ ಒಂದು ಮದುವೆಗೆ ಮುಂಚೆ ನನ್ನ ತಾಯಿ ಹಸೆಗೆ ಕರೆಯುವ ಹಾಡುಗಳನ್ನು ಹಾಡಿದ್ದರು. ಎರಡು ಮಧ್ಯಾಹ್ನ ಕುಳಿತು ಅವನ್ನೆಲ್ಲ ಧ್ವನಿಮುದ್ರಿಸಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡೆ. ಮುಂದೆ ಲೋಕಲ್ ಟ್ರೇನಿನಲ್ಲಿ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಚೀಲ ಕಳುವಾದಾಗ ನನಗೂ ಭಯವಾಯಿತು. ಬ್ಯಾಂಕಿನ ಕಾಗದ, ಆಫೀಸಿನ ಕಡತ ಎಲ್ಲವೂ ಅದರಲ್ಲೇ ಇತ್ತಲ್ಲ! ಡಿಸ್ಕ್ ಪೂರ್ತಿ ಗೂಢಲಿಪಿಗೆ ಬದಲಾಗುವಂತೆ ಮಾಡಿ, ತೆರೆಯುವ ಕೀಲಿಯನ್ನು ಒಂದು ಪೆನ್ ಡ್ರೈವ್‌ನಲ್ಲಿ ಇಟ್ಟೆ. ಪೆನ್ ಡ್ರೈವ್ ಚುಚ್ಚಿ ಗುಂಡಿ ಒತ್ತಿದರೆ ಕಂಪ್ಯೂಟರ್ ಏಳುತ್ತಿತ್ತು, ಚುಚ್ಚದಿದ್ದರೆ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ನನಗೆ ಬಹಳ ಹೆಮ್ಮೆ.

ಬೀಗ ಹಾಕುವ ಮುನ್ನ ಯಂತ್ರ ಒಂದು ಮಾತು ಕೇಳಿತ್ತು: 'ಆಪತ್ಕಾಲಕ್ಕೆ ಒಂದು ರಿಕವರಿ ಕೀ ಕೊಡುತ್ತೇನೆ, ಎಲ್ಲಿ ಇಡಲಿ?' ನಾನು ಅದನ್ನೂ ಅದೇ ಪೆನ್ ಡ್ರೈವ್‌ಗೆ ಹಾಕಿದೆ. ಎರಡು ಕೈಗಳನ್ನೂ ಒಂದೇ ಗೊಂಚಲಿಗೆ ಪೋಣಿಸಿದಂತೆ.

2019ರಲ್ಲಿ ತಾಯಿ ತೀರಿಕೊಂಡರು. ಹದಿಮೂರನೆಯ ದಿನದ ಹೊತ್ತಿಗೆ ಅಕ್ಕ ಕೇಳಿದಳು, "ಅಮ್ಮನ ಹಾಡು ಹಾಕೋ, ಒಂದು ಸಲ ಕೇಳೋಣ." ಪೆನ್ ಡ್ರೈವ್ ಚುಚ್ಚಿದೆ. ಯಂತ್ರ ಅದನ್ನು ಗುರುತಿಸಲೇ ಇಲ್ಲ. ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಅಷ್ಟೆ. ರಿಪೇರಿಯವರು ಮೂವರು ನೋಡಿದರು. ಒಬ್ಬರು ಮಾತ್ರ ನೇರವಾಗಿ ಹೇಳಿದರು, "ಸಾರ್, ಡಿಸ್ಕ್ ಚೆನ್ನಾಗಿದೆ. ಬೀಗವೂ ಚೆನ್ನಾಗಿದೆ. ಅದೇ ತೊಂದರೆ."

ಆ ಮಾತಿನ ಅರ್ಥ ತಿಳಿಯಬೇಕಾದರೆ ಈ ಬೀಗದ ಒಳಗುಟ್ಟು ಸ್ವಲ್ಪ ಗೊತ್ತಿರಬೇಕು. ಇಂದಿನ ಡಿಸ್ಕ್ ಬೀಗಗಳು ಬಹುತೇಕ ಎಇಎಸ್ ಎಂಬ ಗೂಢಲಿಪಿ ಕ್ರಮವನ್ನು ಬಳಸುತ್ತವೆ. ಬೆಲ್ಜಿಯಂನ ಯೋವಾನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ಎಂಬಿಬ್ಬರು ರೂಪಿಸಿದ ಇದನ್ನು ಅಮೆರಿಕ ಸರ್ಕಾರ 2001ರಲ್ಲಿ ಅಧಿಕೃತ ಮಾನಕವಾಗಿ ಒಪ್ಪಿಕೊಂಡಿತು. ಇದರ ವಿಧಾನದಲ್ಲಿ ಮುಚ್ಚುಮರೆ ಇಲ್ಲ, ಯಾರು ಬೇಕಾದರೂ ಓದಬಹುದು. ಗುಟ್ಟೆಲ್ಲ ಇರುವುದು ಕೀಲಿಯಲ್ಲಿ. 128 ಬಿಟ್ ಕೀಲಿಯಾದರೆ ಇರಬಹುದಾದ ಕೀಲಿಗಳ ಸಂಖ್ಯೆ ಬರೆಯಲು 39 ಅಂಕಿಗಳು ಬೇಕು, 256 ಬಿಟ್ ಆದರೆ 78 ಅಂಕಿ. ಒಂದೊಂದಾಗಿ ಹಾಕಿ ನೋಡುವ ಮಾತೇ ಇಲ್ಲ. ಕಳ್ಳನಿಗೆ ಬಾಗಿಲು ತೆರೆಯದ ಈ ಬೀಗ ಮಗನ ಕಣ್ಣೀರಿಗೂ ತೆರೆಯುವುದಿಲ್ಲ.

ಆದರೆ ಇದನ್ನು ಮಾಡಿದವರು ನಮ್ಮ ಅಮ್ಮಂದಿರಂತೆಯೇ ಯೋಚಿಸಿದ್ದಾರೆ. ಡಿಸ್ಕಿನ ಮೂಲ ಕೀಲಿ ಒಂದೇ. ಅದರ ಪ್ರತಿಗಳನ್ನು ಹಲವು ಪುಟ್ಟ ಪೆಟ್ಟಿಗೆಗಳಲ್ಲಿಟ್ಟು ಒಂದೊಂದಕ್ಕೂ ಬೇರೆ ಬೇರೆ ಬೀಗ ಹಾಕಿರುತ್ತಾರೆ ಎಂದುಕೊಳ್ಳಿ. ಒಂದು ಪೆಟ್ಟಿಗೆ ಪಾಸ್‌ವರ್ಡ್‌ಗೆ ತೆರೆಯುತ್ತದೆ, ಇನ್ನೊಂದು ಪೆನ್ ಡ್ರೈವ್‌ನ ಕಡತಕ್ಕೆ. ಯಾವುದು ತೆರೆದರೂ ಒಳಗೆ ಸಿಗುವುದು ಅದೇ ಮೂಲ ಕೀಲಿ. ಲಿನಕ್ಸ್‌ನ ಲಕ್ಸ್ ಕ್ರಮದ ಮೊದಲ ಆವೃತ್ತಿಯಲ್ಲಿ ಇಂಥ ಪೆಟ್ಟಿಗೆಗಳು ಎಂಟು, ಎರಡನೆಯದರಲ್ಲಿ 32ರವರೆಗೆ. ವಿಂಡೋಸ್‌ನ ಬಿಟ್‌ಲಾಕರ್‌ನಲ್ಲಿ ಪೆನ್ ಡ್ರೈವ್ ಕೀಲಿಯ ಜೊತೆಗೆ 48 ಅಂಕಿಗಳ ರಿಕವರಿ ಕೀ ಇರುತ್ತದೆ. ಆರಾರು ಅಂಕಿಗಳ ಎಂಟು ಗುಂಪು, ಕಾಗದದ ಮೇಲೆ ಬರೆದಿಡಬಹುದು. ಒಂದು ಪೆನ್ ಡ್ರೈವ್ ಕಳೆದರೆ ಇನ್ನೊಂದು ಕೈಯಿಂದ ತೆರೆದು, ಕಳೆದದ್ದರ ಪೆಟ್ಟಿಗೆಯನ್ನು ಅಳಿಸಿ ಹೊಸದನ್ನು ಮಾಡಿಕೊಂಡರಾಯಿತು. ಎರಡನೆಯ ಕೈ ಇದ್ದವರಿಗೆ ಮಾತ್ರ ಈ ಭಾಗ್ಯ.

ಇದು ನನ್ನೊಬ್ಬನ ಪಾಡಲ್ಲ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನಿಂತುಹೋದವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಬೀಗ ಹಾಕಿದ್ದ ಯಂತ್ರಗಳನ್ನು ಸರಿಪಡಿಸಲು ಆ 48 ಅಂಕಿಗಳು ಬೇಕಾದವು. ಬರೆದಿಟ್ಟುಕೊಂಡವರು ಬೇಗ ಪಾರಾದರು.

ಇನ್ನು ನೀವು ಮಾಡಬೇಕಾದ್ದನ್ನು ಹೇಳುತ್ತೇನೆ. ಪೆನ್ ಡ್ರೈವ್ ಕೀಲಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಉದ್ದದ ಪಾಸ್‌ವರ್ಡ್ ನೆನಪಿಡಲಾರದವರಿಗೆ ಅದು ಒಳ್ಳೆಯ ಉಪಾಯ. ಆದರೆ ಅದನ್ನು ಲ್ಯಾಪ್‌ಟಾಪ್ ಚೀಲದಲ್ಲೇ ಇಡಬೇಡಿ. ಕಳ್ಳನಿಗೆ ಬೀಗದ ಜೊತೆ ಕೈಯನ್ನೂ ಕೊಟ್ಟಂತಾಗುತ್ತದೆ. ಯಂತ್ರ ಎದ್ದ ಮೇಲೆ ಪೆನ್ ಡ್ರೈವ್ ತೆಗೆದು ಬೇರೆ ಇಡಿ. ಪ್ರಯಾಣಕ್ಕೆ ಮುಂಚೆ ಯಂತ್ರವನ್ನು ಪೂರ್ತಿ ಆರಿಸಿ, ಏಕೆಂದರೆ ತೆರೆದ ಸ್ಥಿತಿಯಲ್ಲಿ ಈ ಬೀಗ ಬೀಗವೇ ಅಲ್ಲ. ಲಿನಕ್ಸ್‌ನಲ್ಲಿ ಕೆಲವರು ಮನೆಯ ಒಂದು ಫೋಟೋವನ್ನೇ ಕೀಲಿ ಕಡತ ಮಾಡಿಕೊಳ್ಳುತ್ತಾರೆ. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ತಮ್ಮನಿಗೆ ಕಳಿಸಿಟ್ಟರೆ ಎರಡನೆಯ ಕೈ ಆಯಿತೆಂದು ತಿಳಿಯಬೇಡಿ. ಕಳಿಸುವಾಗ ಫೋಟೋ ಕುಗ್ಗುತ್ತದೆ. ಕಣ್ಣಿಗೆ ಅದೇ ಚಿತ್ರ, ಬೀಗಕ್ಕೆ ಬೇರೆಯೇ ಕೈ.

ಪೆನ್ ಡ್ರೈವ್ ಎಂದಾದರೊಂದು ದಿನ ಕೆಡುವ ವಸ್ತು. ಆದ್ದರಿಂದ ಕೀಲಿಯ ಇನ್ನೊಂದು ಪ್ರತಿ ಬೇರೆ ಪೆನ್ ಡ್ರೈವ್‌ನಲ್ಲಿ, ಬೇರೆ ಮನೆಯಲ್ಲಿ ಇರಲಿ. ರಿಕವರಿ ಕೀ ಕಾಗದದ ಮೇಲಿರಲಿ, ಅಮ್ಮನ ಕಪಾಟಿನಲ್ಲಿ ಮನೆಪತ್ರದ ಜೊತೆಗೆ. ಇಟ್ಟ ಮೇಲೆ ಒಮ್ಮೆ ಅದರಿಂದಲೇ ತೆರೆದು ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕಳೆಯಬಾರದ್ದರ ಪ್ರತಿಯನ್ನು ಇನ್ನೊಂದು ಡಿಸ್ಕಿನಲ್ಲಿ ಇಡಿ. ಡಿಸ್ಕೇ ಸುಟ್ಟುಹೋದರೆ ಯಾವ ಕೀಲಿಕೈಯಿಂದ ಏನು ಪ್ರಯೋಜನ?

ಮನೆಯಲ್ಲಿ ಅಪ್ಪ ಅಮ್ಮನ ಕಂಪ್ಯೂಟರ್‌ಗಳನ್ನು ಸಿದ್ಧಮಾಡಿ ಕೊಡುವವರು ನೀವೇ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಖಾತೆ ತೆರೆದೊಡನೆ ಈ ಬೀಗ ತಾನಾಗಿಯೇ ಬೀಳುತ್ತದೆ, ರಿಕವರಿ ಕೀ ಆ ಖಾತೆಗೇ ಹೋಗಿ ಕೂರುತ್ತದೆ. ಅವರಿಗೆ ಅದರ ಸುಳಿವೂ ಇರುವುದಿಲ್ಲ. ಈ ಭಾನುವಾರ ಅವರ ಪಕ್ಕದಲ್ಲಿ ಕುಳಿತು, 'ಎರಡನೆಯ ಕೈ ಎಲ್ಲಿದೆ?' ಎಂದು ಹುಡುಕಿ, ಬರೆದು ಅವರ ಕೈಗೆ ಕೊಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ನನ್ನ ಹಳೆಯ ಲ್ಯಾಪ್‌ಟಾಪ್ ಇನ್ನೂ ಕಪಾಟಿನಲ್ಲೇ ಇದೆ. ಎಸೆಯಲು ಮನಸ್ಸು ಬಂದಿಲ್ಲ. ಹಾಡುಗಳು ಅದರೊಳಗೇ ಇವೆ. ಅಕ್ಕ ತನಗೆ ನೆನಪಿದ್ದ ನಾಲ್ಕು ಹಾಡುಗಳನ್ನು ಮಗಳಿಗೆ ಕಲಿಸಿದ್ದಾಳೆ. ಈಗ ನಮ್ಮ ಮನೆಯಲ್ಲಿ ಅಮ್ಮನ ಹಾಡಿಗೆ ಉಳಿದಿರುವ ಎರಡನೆಯ ಕೀಲಿಕೈ ಅದೊಂದೇ.