ಹಳಹಳಿಯ ಮಾತು ಮತ್ತು ಆರೋಗ್ಯದ ಆ್ಯಪ್

ಆರೋಗ್ಯದ ಆ್ಯಪ್ ಎಂದರೆ ನಗರವಾಸಿಯ ಕಣ್ಣಮುಂದೆ ಬರುವುದು ನಡೆದ ಹೆಜ್ಜೆಗಳನ್ನು ಎಣಿಸುವ, ನಿದ್ದೆಯ ಗಂಟೆಗಳನ್ನು ಲೆಕ್ಕವಿಡುವ, ಉಸಿರಾಟದ ಅಭ್ಯಾಸವನ್ನು ಹೇಳಿಕೊಡುವ ಸ್ವಂತ ಮೊಬೈಲಿನ ಚಿತ್ರ. ಗದಗ ತಾಲ್ಲೂಕಿನ ಹರ್ತಿಯಂಥ ಊರಿನಲ್ಲಿ, ಹೆಸರು, ಕಡಲೆ, ಜೋಳ, ಈರುಳ್ಳಿಗಳನ್ನು ಮಳೆಯ ಮೇಲೆ ಭಾರ ಹಾಕಿ ಬೆಳೆಯುವ ಎರೆಭೂಮಿಯ ಸೀಮೆಯಲ್ಲಿ, ಆರೋಗ್ಯದ ಆ್ಯಪ್ ಬಹುಪಾಲು ಜನರಿಗೆ ಮೊದಲು ಎದುರಾಗುವುದು ಆಶಾ ಕಾರ್ಯಕರ್ತೆಯ ಕೈಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾಗಿ ಒಬ್ಬರಿಂದ ಒಬ್ಬರಿಗೆ ಅಂಟದ, ವರ್ಷಗಟ್ಟಲೆ ಜೊತೆಗಿರುವ ರೋಗಗಳನ್ನು ವೈದ್ಯಕೀಯ ಪರಿಭಾಷೆಯಲ್ಲಿ ಅಸಾಂಕ್ರಾಮಿಕ ರೋಗಗಳೆನ್ನುತ್ತಾರೆ. ಇವುಗಳ ಪತ್ತೆಗಾಗಿ 30 ವರ್ಷ ದಾಟಿದ ಪ್ರತಿಯೊಬ್ಬರ ಮನೆಗೂ ಹೋಗಿ ಸಮುದಾಯ ಆಧಾರಿತ ತಪಾಸಣಾ ಪಟ್ಟಿಯೊಂದನ್ನು ಕಾಗದದಲ್ಲೋ ಆ್ಯಪಿನಲ್ಲೋ ತುಂಬುವ ಕೆಲಸ ದೇಶದಾದ್ಯಂತ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದಿದೆ.

ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದಲ್ಲಿದ್ದ ಕಾಯಿಲೆ ಇವೆಲ್ಲವನ್ನೂ ಕೇಳಿ ಅಂಕ ಕೊಡುವ ಈ ಪಟ್ಟಿಯ ಪರಿಷ್ಕೃತ ರೂಪದ ಕೊನೆಯ ಭಾಗದಲ್ಲಿ ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿಯೋ ಸಂತೋಷವೋ ಕುಂದಿತ್ತೆ ಎಂಬುದು ಮೊದಲನೆಯದು, ಮನಸ್ಸು ಕುಗ್ಗಿ ಭರವಸೆ ಕಳೆದಂತೆ ಅನ್ನಿಸಿತ್ತೆ ಎಂಬುದು ಎರಡನೆಯದು. ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕವಿದ್ದು, ಎರಡೂ ಕೂಡಿ 3ಕ್ಕಿಂತ ಹೆಚ್ಚಾದರೆ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೋ ವೈದ್ಯರ ಬಳಿಗೋ ಕಳಿಸಬೇಕು. ಪಿಎಚ್‌ಕ್ಯೂ-2 ಎಂದು ಕರೆಯುವ ಈ ಪ್ರಶ್ನೆಗಳು ಖಿನ್ನತೆಯನ್ನು ಖಚಿತಪಡಿಸುವ ಪರೀಕ್ಷೆಯಾಗಿರದೆ, ಹೆಚ್ಚಿನ ವಿಚಾರಣೆ ಯಾರಿಗೆ ಬೇಕೆಂಬುದನ್ನು ಆರಿಸಿಕೊಡುವ ಜರಡಿಯಾಗಿವೆ. ಸೊಂಟದ ಅಳತೆಯ ಪಕ್ಕದಲ್ಲಿಯೇ ಮನಸ್ಸಿನ ಪ್ರಶ್ನೆಗೂ ಜಾಗ ಸಿಕ್ಕಿರುವುದು ದೊಡ್ಡ ಹೆಜ್ಜೆ. ಏಕೆಂದರೆ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಖಿನ್ನತೆ ಹೆಚ್ಚು, ಖಿನ್ನತೆಯುಳ್ಳವರು ಸಕ್ಕರೆಯ ಗುಳಿಗೆಯನ್ನು ತಪ್ಪಿಸುವುದೂ ಹೆಚ್ಚು.

ಆದರೆ ಪ್ರಶ್ನೆಯ ಮಾತು ಯಾರದು ಎಂಬಲ್ಲಿ ತೊಡಕು ಹುಟ್ಟುತ್ತದೆ. ಪರದೆಯ ಮೇಲಿನ ಗ್ರಾಂಥಿಕ ಕನ್ನಡದಲ್ಲಿ ಖಿನ್ನತೆ, ನಿರಾಸಕ್ತಿ, ಹತಾಶೆ ಎಂಬ ಶಬ್ದಗಳಿದ್ದರೆ, ಈ ಸೀಮೆಯ ಆಡುಮಾತಿನಲ್ಲಿ ದುಃಖ ಮೊದಲು ದೇಹದ ಮೂಲಕವೇ ಹೊರಬರುತ್ತದೆ: ‘ನಿದ್ದಿ ಹತ್ತವಲ್ದು’, ‘ತಲಿ ಜಡ ಆಗೇತಿ’, ‘ಕೈಕಾಲು ಹರೀತಾವ’, ‘ಎದಿ ಡವಡವ ಅಂತೈತಿ’, ‘ಜೀವಕ್ಕ ಸಮಾಧಾನ ಇಲ್ಲ’. ಒಳಗೊಳಗೇ ಸುಡುವ ಪರಿತಾಪಕ್ಕೆ ‘ಹಳಹಳಿ’ ಎಂಬ ಮಾತಿದೆ, ಅದರ ಪೂರ್ತಿ ತೂಕವನ್ನು ಯಾವ ಪಠ್ಯಪುಸ್ತಕದ ಶಬ್ದವೂ ಹೊರಲಾರದು. ಬೆಳೆ ಕೈಕೊಟ್ಟ ವರ್ಷ ಸಾಲ ಹೊತ್ತ ರೈತನನ್ನು ಸಂತೋಷ ಕುಂದಿದೆಯೇ ಎಂದು ಕೇಳಿದರೆ ‘ಹಂಗೇನಿಲ್ರಿ’ ಎಂಬ ಉತ್ತರ ಬಂದು ಸೊನ್ನೆ ದಾಖಲಾಗಬಹುದು. ಹೊಲದ ಕಡೆ ಹೋಗಲು ಮನಸ್ಸಾಗುತ್ತಿದೆಯೇ, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ರೊಟ್ಟಿ ರುಚಿ ಹತ್ತುತ್ತಿದೆಯೇ ಎಂದು ಕೇಳುತ್ತ ಬಂದರೆ ಅದೇ ವ್ಯಕ್ತಿಯಿಂದ ಬೇರೆಯೇ ಉತ್ತರ ಹೊರಡುವುದು ಸಾಧ್ಯ. ಪ್ರಶ್ನೆಯ ಅರ್ಥ ಕೆಡದಂತೆ ಅದನ್ನು ಓಣಿಯ ಮಾತಿಗೆ ಇಳಿಸುವ ಈ ಕೌಶಲ ತಂತ್ರಾಂಶದೊಳಗೆ ಇರುವಂಥದ್ದಲ್ಲ, ಕೇಳುವವಳಲ್ಲಿ ಇರಬೇಕಾದದ್ದು. ಆದ್ದರಿಂದ ಆಶಾ ಕಾರ್ಯಕರ್ತೆಯ ತರಬೇತಿಗೂ ಗೌರವಧನಕ್ಕೂ ಮಾಡುವ ವೆಚ್ಚವನ್ನು ಆ್ಯಪಿನ ವೆಚ್ಚದಿಂದ ಬೇರೆಯೆಂದು ಎಣಿಸುವುದು ತಪ್ಪು ಲೆಕ್ಕ.

ಮಾತಿನ ಮೂಲಕವೇ ನೆರವು ಕೊಡುವ ಇನ್ನೊಂದು ಏರ್ಪಾಡು ಟೆಲಿ ಮಾನಸ್. 2022ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಾಂತ್ರಿಕ ನೆರವು ಬೆಂಗಳೂರಿನದೇ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡವನ್ನು ಆರಿಸಿಕೊಂಡರೆ ತರಬೇತಾದ ಆಪ್ತಸಮಾಲೋಚಕರು ಮೊದಲು ಮಾತಾಡುತ್ತಾರೆ, ಅಗತ್ಯ ಕಂಡರೆ ಕರೆ ಮನೋವೈದ್ಯರಂಥ ತಜ್ಞರಿಗೆ ಹೋಗುತ್ತದೆ. ಸರಿಯಾಗಿ ಎರಡು ವರ್ಷಗಳ ತರುವಾಯ, 2024ರ ಅಕ್ಟೋಬರ್ 10ರಂದು ಇದರ ಆ್ಯಪ್ ಬಂತು. ವಿಡಿಯೊ ಸಮಾಲೋಚನೆಯನ್ನು ಮೊದಲು ತೆರೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ್ಯಪ್ ಇಲ್ಲದ ಗುಂಡಿಮೊಬೈಲಿನಿಂದಲೂ ಬಾಗಿಲು ತಟ್ಟಲು ಬರುವುದು ಈ ಸೇವೆಯ ಹೆಚ್ಚುಗಾರಿಕೆ, ಹರ್ತಿಯ ಮಟ್ಟಿಗೆ ವಿಡಿಯೊಗಿಂತ ಮುಖ್ಯವಾದ ಸಂಗತಿ.

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಸಿಗಬೇಕೆಂಬ ವಿಚಾರವಂತೂ ಮೊಬೈಲಿಗಿಂತ ಹಳೆಯದು, ಅದು ಬೆಳೆದದ್ದೂ ಇದೇ ನೆರೆಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚಾಸ್ಪತ್ರೆಯೆಂದು ಶುರುವಾದ ಧಾರವಾಡದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿ ಉತ್ತರ ಕರ್ನಾಟಕದ ಜನರಿಗೆ ಆಸರೆಯಾಗಿದೆ. ಹಾಗಿದ್ದೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿರುವುದನ್ನೂ, ಚಿಕಿತ್ಸೆ ತಲುಪದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ ಇರುವುದನ್ನೂ ಕಂಡುಕೊಂಡಿತು.

ಆ್ಯಪ್ ಬಂದ ಮಾತ್ರಕ್ಕೆ ಈ ಕಂದಕ ತುಂಬುವುದೆ? ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದು, 2019ರಲ್ಲಿ ಸರ್ಕ್ಯುಲೇಷನ್ ನಿಯತಕಾಲಿಕದಲ್ಲಿ ಪ್ರಕಟವಾದ ಎಮ್‌ವೆಲ್‌ಕೇರ್ ಎಂಬ ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಅರ್ಧ ಕೇಂದ್ರಗಳಲ್ಲಿ ಶುಶ್ರೂಷಕಿಯರು ರಕ್ತದೊತ್ತಡ, ಸಕ್ಕರೆ, ಖಿನ್ನತೆ, ಮದ್ಯ, ತಂಬಾಕುಗಳ ವಿವರವನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬಿದರು, ಅದು ರೋಗಿಗೆ ತಕ್ಕ ಚಿಕಿತ್ಸೆಯ ಸಲಹೆಯನ್ನು ವೈದ್ಯರ ಮುಂದಿಟ್ಟಿತು. ಉಳಿದ ಕೇಂದ್ರಗಳಲ್ಲಿ ಟ್ಯಾಬ್ಲೆಟ್ ಇಲ್ಲದೆ, ಸಿಬ್ಬಂದಿಗೆ ತರಬೇತಿಯನ್ನೂ ಚಿಕಿತ್ಸಾ ಕ್ರಮದ ಫಲಕಗಳನ್ನೂ ಕೊಡಲಾಯಿತು. ಒಂದು ವರ್ಷದ ಕೊನೆಗೆ ಎರಡೂ ಕಡೆ ರಕ್ತದೊತ್ತಡ ಮತ್ತು ಸಕ್ಕರೆ ಇಳಿದಿದ್ದವು, ಇಳಿಕೆಯಲ್ಲಿ ಅಂತರವಿರಲಿಲ್ಲ. ಇದನ್ನು ತಂತ್ರಜ್ಞಾನದ ಸೋಲೆಂದು ಓದಬೇಕಾಗಿಲ್ಲ; ತಯಾರಾದ ಶುಶ್ರೂಷಕಿಯೊಬ್ಬಳು ರೋಗಿಗಾಗಿ ಸಮಯ ಕೊಟ್ಟಾಗ ಏನಾಗುತ್ತದೆಂಬುದನ್ನು ಎರಡೂ ಕಡೆಯ ಫಲಿತಾಂಶಗಳು ತೋರಿಸುತ್ತವೆಯೆಂದು ಓದುವುದೇ ನ್ಯಾಯ.

ಗುಟ್ಟಿನ ಪ್ರಶ್ನೆಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ರೋಗಿಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಟ್ಟಿದೆ, ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಾವೇ ಬಳಸುವ ಮೊಬೈಲುಳ್ಳ ಮಹಿಳೆಯರು ದೇಶದಲ್ಲಿ ಶೇ 54 ಮಾತ್ರ. ಗಂಡನದೋ ಮಗನದೋ ಆಗಿರುವ ಮೊಬೈಲಿಗೆ ಸೊಸೆಯ ಹೆಸರಿನಲ್ಲಿ ಗುಳಿಗೆಯ ನೆನಪೋಲೆ ಬಂದರೆ ಪಡಸಾಲೆಯಲ್ಲಿ ಕೂತವರೆಲ್ಲ ಓದುತ್ತಾರೆ. ಮನೆಯೊಳಗಿನ ಈ ಗೋಪ್ಯವನ್ನು ಯಾವ ಗುಪ್ತಸಂಖ್ಯೆಯೂ ಕಾಯಲಾರದು.

ಖಿನ್ನತೆಯ ಔಷಧಿ ಗುಣ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಾದರೂ ಬೇಕು, ಗುಣವಾದ ಮೇಲೂ ಹಲವು ತಿಂಗಳು ಮುಂದುವರಿಸಬೇಕು. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಗುಳಿಗೆಗಾಗಿ ಗದಗಕ್ಕೆ ಹೋಗಿ ಬರುವ ಒಂದು ದಿನವನ್ನು ಕಳೆಯಲು ಯಾರಿಗೂ ಆಗದಿರುವುದರಿಂದ ಚಿಕಿತ್ಸೆ ತುಂಡಾಗುವ ಭಯವಿರುವುದೂ ಇಲ್ಲಿಯೇ. ಆಶಾ ಕಾರ್ಯಕರ್ತೆ ವಿಚಾರಿಸಬೇಕಾದ ಬಿ.ಪಿ., ಸಕ್ಕರೆಯ ರೋಗಿಗಳ ಪಟ್ಟಿಯಲ್ಲಿಯೇ ಖಿನ್ನತೆಯುಳ್ಳವರ ಹೆಸರುಗಳೂ ಕಾಯಿಲೆಯ ಸುಳಿವಿಲ್ಲದಂತೆ ಸೇರಿ, ಗುಳಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗುವಂತಾದರೆ, ಸಂಜೆ ಹೊಲದಿಂದ ಜನ ಮರಳಿದ ಹೊತ್ತಿಗೆ ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಕೂತು, ನೆರೆಯವರಿಗೆ ಬಿ.ಪಿ.ಯ ವಿಚಾರಣೆಯೆಂದೇ ತೋರುವ ಹಾಗೆ, ‘ಗುಳಿಗಿ ತಗೊಂಡ್ರೇನ್ರೀ ಅಕ್ಕಾರ, ರಾತ್ರಿ ನಿದ್ದಿ ಹತ್ತಾಕತ್ತೈತೇನ್ರೀ’ ಎಂದು ಕೇಳಬಹುದು.