‘ಚಿಲಗಿ ಬಂತು!’: ನಾನು ಕತ್ತರಿಸಿ ತೆಗೆದ ಏಳು ಸೆಕೆಂಡು

ಈ ವಾರ ಎಸ್‌ಐಪಿ, ಇಎಂಐ, ಕ್ರೆಡಿಟ್ ಸ್ಕೋರ್ ಯಾವುದೂ ಇಲ್ಲ. ಬಿ.ಕಾಂ ಓದಿದವ ಮಕ್ಕಳ ಬಗ್ಗೆ ಏನ್ ಹೇಳ್ತಾನ ಅಂತ ನಗಬ್ಯಾಡ್ರಿ, ಮೂರೂವರೆ ವರ್ಷದ ಮಗಳ ಅಪ್ಪ ಆಗಿ ಮಾತಾಡ್ತಿದ್ದೀನಿ.

ನಮ್ಮ ಮನಿ ಉಣಕಲ್ ಹತ್ತಿರ. ಗ್ಯಾಲರಿಯಲ್ಲಿ ನಿಂತರೆ ಬಿಆರ್‌ಟಿಎಸ್ ರಸ್ತೆ ಕಾಣ್ತದ. ಬೇರೆ ಊರಿನ ಕೇಳುಗರಿಗೆ ಹೇಳ್ತೀನಿ: ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 22 ಕಿಲೋಮೀಟರ್, ಬಸ್ಸಿಗೇ ಅಂತ ಬೇರೆ ದಾರಿ, ಅದರಲ್ಲಿ ಓಡೋ ಬಸ್ಸಿನ ಹೆಸರು ‘ಚಿಗರಿ’. ಜಿಂಕೆಗೆ ನಮ್ಮ ಕಡೆ ಹಂಗ ಅಂತಾರ. ನನ್ನ ಮಗಳ ಬಾಯಲ್ಲಿ ಅದು ‘ಚಿಲಗಿ’. ಬಸ್ ಕಂಡಾಗೆಲ್ಲ ಓಡಿ ಬಂದು “ಪಪ್ಪಾ, ಚಿಲಗಿ ಬಂತು!” ಅಂತಿದ್ಲು. ದಿನಕ್ಕೆ ಇಪ್ಪತ್ತು ಸಲ ಆದರೂ ಇರಬೇಕು.

ಹೋದ ತಿಂಗಳು ನನ್ನ ಹೆಂಡತಿ ಕೇಳಿದಳು, “ಈಗ ಚಿಲಗಿ ಅನ್ನಂಗಿಲ್ಲಲ್ಲ, ಯಾವಾಗ ಬಿಟ್ಟಳು?” ಇಬ್ಬರಿಗೂ ಗೊತ್ತಿಲ್ಲ. ಯಾವುದೋ ಒಂದು ದಿನ ಅದು ಸರಿಯಾಗಿ ‘ಚಿಗರಿ’ ಆಗಿಬಿಟ್ಟದ. ಕೊನೆಯ ಚಿಲಗಿ ಯಾವಾಗ ಹೋಯ್ತು ಅಂತ ಮನೆಯಲ್ಲಿ ಯಾರೂ ನೋಡಿಲ್ಲ.

ಆಡಿಯೋ ಕೆಲಸ ಮಾಡೋನು ನಾನು, ಎಲ್ಲಾದರೂ ರೆಕಾರ್ಡ್ ಆಗಿರಬೇಕು ಅಂತ ಹಾರ್ಡ್‌ಡಿಸ್ಕ್ ಹುಡುಕಿದೆ. ಎರಡು ರಾತ್ರಿ ಹಿಡೀತು. ಸಿಕ್ಕಿದ್ದು ಒಂದೇ. ಜಿಎಸ್‌ಟಿ ಬಗ್ಗೆ ಮಾಡಿದ ಒಂದು ಸಂದರ್ಶನದ ಕಚ್ಚಾ ಫೈಲಿನಲ್ಲಿ, ಬಾಗಿಲು ತೆಗೆದ ಸದ್ದು, “ಪಪ್ಪಾ, ಚಿಲ...” ಅನ್ನೋದು, ಅದರ ಮೇಲೆ ನನ್ನ ದನಿ: “ಶ್ಶ್! ರೆಕಾರ್ಡಿಂಗ್ ನಡದದ, ಹೊರಗ ಹೋಗು.” ಒಟ್ಟು ಏಳು ಸೆಕೆಂಡು. ಪ್ರಸಾರವಾದ ಎಪಿಸೋಡಿನಲ್ಲಿ ಅದು ಇಲ್ಲ. ನಾನೇ ನೀಟಾಗಿ ಕಟ್ ಮಾಡಿದ್ದೆ.

ಅವತ್ತಿನಿಂದ ಈ ವಿಷಯ ಓದಲಿಕ್ಕೆ ಶುರು ಮಾಡಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಬೆಳವಣಿಗೆ ಬಗ್ಗೆ ಕೆಲಸ ಮಾಡೋ ಒಂದು ಕೇಂದ್ರ ಅದ. ಅವರು ಬಳಸೋ ಮಾತು ‘ಸರ್ವ್ ಆ್ಯಂಡ್ ರಿಟರ್ನ್’. ಬ್ಯಾಡ್ಮಿಂಟನ್ ಆಡಿದಂಗ. ಮಗು ಏನೋ ತೋರಸ್ತದ, ಏನೋ ಅಂತದ, ಇಲ್ಲಾ ಸುಮ್ಮನೆ ನಿಮ್ಮ ಮಾರಿ ನೋಡ್ತದ. ಅದು ಸರ್ವ್. ನೀವು ಆ ಕಡೆ ನೋಡಿ “ಹೌದಲ್ಲ, ಎಷ್ಟು ದೊಡ್ಡದು!” ಅಂದರೆ ಅದು ರಿಟರ್ನ್. ಇಂಥ ಕೊಡು-ಕೊಳ್ಳುವಿಕೆಯಿಂದಲೇ ಸಣ್ಣ ಮಕ್ಕಳ ಮೆದುಳಿನಲ್ಲಿ ಭಾಷೆಗೆ, ಭಾವನೆಗೆ ಬೇಕಾದ ಜಾಲ ಗಟ್ಟಿಯಾಗ್ತದ ಅನ್ನೋದು ಅವರ ವಿವರಣೆ. ಗಮನಿಸ್ರಿ, ಇದಕ್ಕೆ ಬೇಕಾಗಿರೋದು ಗಂಟೆಗಳಲ್ಲ, ಕೆಲವೇ ಸೆಕೆಂಡು. ಆದರ ಆ ಸೆಕೆಂಡು ಯಾವಾಗ ಅಂತ ತೀರ್ಮಾನ ಮಾಡೋರು ನಾವಲ್ಲ, ಮಗು. ತ್ರಾಸ ಇರೋದೇ ಅಲ್ಲಿ.

ರಿಟರ್ನ್ ಬರದಿದ್ದರ ಏನಾಗ್ತದ? 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮಾಡಿದ ಪ್ರಯೋಗ ಒಂದಿದೆ. ತಾಯಿ ಮೊದಲು ಕೂಸಿನ ಜೊತೆ ಚೆಂದಾಗಿ ಆಡ್ತಾಳ. ಆಮೇಲೆ ಕೆಲವು ನಿಮಿಷ ಎದುರಿಗೇ ಕೂತು ಮುಖದಲ್ಲಿ ಯಾವ ಭಾವನೆಯನ್ನೂ ತೋರಿಸೋದಿಲ್ಲ. ಕೂಸು ನಗ್ತದ, ಕೈ ಚಾಚ್ತದ, ಕೂಗ್ತದ, ಕೊನೆಗೆ ಮುಖ ಆ ಕಡೆ ತಿರುಗಿಸ್ತದ. ರೀಲ್ಸ್ ನೋಡ್ತಾ “ಹ್ಞೂಂ, ಹ್ಞೂಂ” ಅನ್ನೋವಾಗ ನನ್ನ ಮಾರಿ ಹೆಂಗ ಇರ್ತದ ಅಂತ ಒಮ್ಮೆ ಕನ್ನಡಿಯಲ್ಲಿ ನೋಡಿಕೊಂಡೆ. ಬ್ಯಾಡ ಬಿಡ್ರಿ.

ಒಂದು ಸಮಾಧಾನದ ಸಂಗತಿನೂ ಇದೆ. ಅದೇ ಟ್ರಾನಿಕ್ ಹೇಳೋ ಪ್ರಕಾರ, ಚೆನ್ನಾಗಿರೋ ತಾಯಿ-ಮಗುವಿನ ನಡುವೆಯೂ ತಾಳ ಕೂಡೋದು ಸುಮಾರು 30 ಪ್ರತಿಶತ ಹೊತ್ತು ಮಾತ್ರ. ಉಳಿದದ್ದೆಲ್ಲ ತಪ್ಪೋದು, ಮತ್ತೆ ಸರಿಮಾಡಿಕೊಳ್ಳೋದು. ನಾನು ಎಸ್ಸೆಸ್ಸೆಲ್ಸಿ ಬರೆಯೋವಾಗ ಪಾಸಾಗಲಿಕ್ಕೇ 35 ಬೇಕಿತ್ತು!

ಇದು ಓದಿದ ಕೂಡಲೇ ನಾನು ಮಾಡಿದ ಮೊದಲ ತಪ್ಪು ಅಂದ್ರ, ಎಲ್ಲಾನೂ ರೆಕಾರ್ಡ್ ಮಾಡಲಿಕ್ಕೆ ಶುರು ಮಾಡಿದ್ದು. ಅದೂ ಕೆಲಸಕ್ಕೆ ಬರಲಿಲ್ಲ. ಲಿಂಡಾ ಹೆಂಕೆಲ್ ಅನ್ನೋ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಂನಲ್ಲಿ ಫೋಟೋ ಹೊಡೆದ ವಸ್ತುಗಳು ಸುಮ್ಮನೆ ನಿಂತು ನೋಡಿದ ವಸ್ತುಗಳಷ್ಟು ನೆನಪಿನಲ್ಲಿ ಉಳಿದಿರಲಿಲ್ಲ. ಕ್ಯಾಮೆರಾ ನೋಡಿಕೊಳ್ತದ ಅಂತ ತಲೆ ರಜಾ ಹಾಕ್ತದ. ನಮ್ಮ ಅವ್ವ ಇದನ್ನ ಒಂದೇ ಮಾತಲ್ಲಿ ಮುಗಿಸಿದಳು: “ಆಕಿ ನಿನ್ನ ಮಾರಿ ನೋಡಾಕತ್ತಾಳ, ನೀ ಅದರ ಮಾರಿ ನೋಡಾಕತ್ತಿ.”

ಅವ್ವಂದು ಬೇರೆ ರೀತಿ. ರೊಟ್ಟಿ ಬಡಿಯೋವಾಗ ಒಂದು ಸಣ್ಣ ಹಿಟ್ಟಿನ ಉಂಡಿ ಮೊಮ್ಮಗಳ ಕೈಗೆ ಕೊಡ್ತಾಳ. ಇಬ್ಬರೂ ಟಪ್ ಟಪ್ ಬಡೀತಾರ. ಮಗಳ ರೊಟ್ಟಿ ಯಾವ ದೇಶದ ನಕಾಶೆಯಂತಿದ್ದರೂ ಹಂಚಿನ ಮ್ಯಾಲೆ ಬೇಯ್ತದ, ಯಾರಾದರೂ ತಿನ್ನಲೇಬೇಕು. ಅವ್ವ ಅದಕ್ಕಾಗಿ ಕೆಲಸ ನಿಲ್ಲಿಸೋದಿಲ್ಲ, ಕೆಲಸದೊಳಗೇ ಜಾಗ ಮಾಡ್ತಾಳ. ‘ನಿಧಾನವಾಗಿ ಬದುಕಿ’ ಅಂತ ಹೇಳೋದು ಸುಲಭ, ಆದರ ಎರಡು ಶಿಫ್ಟ್ ಮಾಡೋರಿಗೆ, ಡೆಲಿವರಿ ಬೈಕ್ ಓಡಿಸೋರಿಗೆ ಅದನ್ನ ಹೇಳಲಿಕ್ಕೆ ನನಗ ಧೈರ್ಯ ಇಲ್ಲ. ತಲೆಗೆ ಎಣ್ಣಿ ಹಚ್ಚೋವಾಗ, ಜಳಕ ಮಾಡಿಸೋವಾಗ ಸಿಗೋ ಸೆಕೆಂಡುಗಳ ಬಗ್ಗೆಯಷ್ಟೇ ನಾನು ಹೇಳ್ತಿರೋದು.

ಕಳೆದ ಭಾನುವಾರ ಮಗಳನ್ನ ಧಾರವಾಡದ ಸಾಧನಕೇರಿಗೆ ಕರ್ಕೊಂಡು ಹೋಗಿದ್ದೆ. ಕೆರಿ ಎದುರಿಗೇ ಬೇಂದ್ರೆ ಅಜ್ಜನ ಮನಿ. ಬೇಂದ್ರೆ ದಂಪತಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದದ್ದು ಮೂವರು. ‘ನೀ ಹೀಂಗ ನೋಡಬ್ಯಾಡ ನನ್ನ’ ಪದ್ಯ ಕೂಸನ್ನ ಕಳಕೊಂಡ ದುಃಖದ್ದು, ಮಡದಿಯ ಕಣ್ಣನ್ನ ಎದುರಿಸಲಾರದ ಗಂಡನ ಮಾತು. ನಿಮ್ಮನ್ನ ಹೆದರಸಲಿಕ್ಕೆ ಇದನ್ನ ಹೇಳ್ತಿಲ್ಲ. ಆ ಕಾಲದಲ್ಲಿ ಮಗು ನಾಳೆ ಇರ್ತದ ಅನ್ನೋ ಖಾತ್ರಿನೇ ಇರಲಿಲ್ಲ. ಲಸಿಕೆ, ಔಷಧದ ದಯೆಯಿಂದ ನಮಗ ಆ ಖಾತ್ರಿ ಬಹಳಷ್ಟು ಸಿಕ್ಕದ. ಸಿಕ್ಕದ ಅಂತಲೇ ‘ಆಮೇಲೆ ನೋಡ್ತೀನಿ’ ಅಂತೀವಿ. ಆಮೇಲೆ ನೋಡಿದಾಗ ಮಗಳು ಇರ್ತಾಳ, ಚಿಲಗಿ ಅನ್ನೋಳು ಇರೋದಿಲ್ಲ.

ಲೆಕ್ಕಪತ್ರದ ಮನುಷ್ಯನಿಗೆ ಚುಚ್ಚೋ ಇನ್ನೊಂದು ಮಾತು. ದೊಡ್ಡವರಲ್ಲಿ ಉಳಿಯೋ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಮಗುವಿಗೇ ನೆನಪಿರೋದಿಲ್ಲ. ಇಲ್ಲಿತನಕದ ಆಕಿಯ ಖಾತೆ ಪುಸ್ತಕದ ಒಂದೇ ಪ್ರತಿ ನಮ್ಮ ಹತ್ತಿರ ಅದ. ನಾನು ಎಂಟ್ರಿ ಮಾಡದಿದ್ದರೆ ಅದು ಎಲ್ಲೂ ಇಲ್ಲ.

ಈಗ ಸಂಜೆ ಹಾಲು ತರಲಿಕ್ಕೆ ಇಬ್ಬರೂ ಹೋಗ್ತೀವಿ, ಫೋನ್ ಮನೆಯಲ್ಲಿ. ಐದು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ. ಇರುವೆ ಸಾಲು, ಒಂದು ಕುಂಟ ನಾಯಿ, ಪಂಕ್ಚರ್ ಅಂಗಡಿಯ ನೀರಿನ ಡಬ್ಬಿ, ಎಲ್ಲಾ ಕಡೆ ನಿಲ್ಲಬೇಕು. ಸತ್ಯ ಹೇಳ್ತೀನಿ, ಅರ್ಧ ದಿನ ಬೋರ್ ಆಗ್ತದ. ಎರಡು ದಿನ ಸಿಟ್ಟಿಗೂ ಬಂದೀನಿ. ಮೊನ್ನೆ ಹಾಲಿನ ಪ್ಯಾಕೆಟ್ ತಾನೇ ಹಿಡೀತೀನಿ ಅಂತ ಬೀಳಿಸಿ ಒಡೆದಳು. ಮತ್ತೆ ವಾಪಸ್ ಹೋದ್ವಿ.

ಈ ಎಪಿಸೋಡಿನ ನಡುವೆ ಒಂದು ಕಡೆ ಬಾಗಿಲು ತೆಗೆದ ಸದ್ದು, ಆಮೇಲೆ ನಾಲ್ಕು ನಿಮಿಷ ಆನೆ ಚಿತ್ರದ ಬಗ್ಗೆ ಚರ್ಚೆ ಕೇಳಿರ್ತೀರಿ. ಅದನ್ನ ಕಟ್ ಮಾಡಿಲ್ಲ. ಆನೆಗೆ ಆಕಿ ‘ಅನ್ನಿ’ ಅಂತಾಳ, ಸದ್ಯಕ್ಕೆ. ಬರ್ತೀನ್ರಿ, ಮುಂದಿನ ವಾರ ಮತ್ತೆ ಇಎಂಐ.