ಚಿಪ್ಪಲಗುಡ್ಡೆಯ ಮೀನನ್ನು ಕಾಯುವುದು ಬರೀ ಭಕ್ತಿಯೇ?

ಜನರಲ್ಲಿ ಅರಿವು ಮೂಡಿಸಿದರೆ ಪರಿಸರ ತಾನಾಗಿ ಉಳಿಯುತ್ತದೆ ಎಂಬುದು ಭಾಷಣಗಳ ಖಾಯಂ ಮಾತು. ಹಿಂದಿನವರು ದೇವರಿಗೆ ಹೆದರುತ್ತಿದ್ದರು, ಅದಕ್ಕೇ ಕಾಡು ಉಳಿಯಿತು ಎಂಬುದು ಮಲೆನಾಡಿನ ಇನ್ನೊಂದು ನಂಬಿಕೆ. ಎರಡೂ ಅರ್ಧ ಸತ್ಯ. ತೀರ್ಥಹಳ್ಳಿ ತಾಲ್ಲೂಕಿನ ಚಿಪ್ಪಲಗುಡ್ಡೆ ಮತ್ಸ್ಯಧಾಮವನ್ನೇ ನೋಡಿ. ಸಿದ್ಧಿವಿನಾಯಕ ದೇವಸ್ಥಾನದ ಬಳಿ, ಎಸೆದ ಮಂಡಕ್ಕಿಗೆ ತುಂಗೆಯ ಮೀನುಗಳು ಒಂದರ ಮೇಲೊಂದು ಮುಗಿಬೀಳುತ್ತವೆ. ಅಲ್ಲಿ ಗಾಳ ಹಾಕುವಂತಿಲ್ಲ. ಅದೇ ಹೊಳೆಯ ಮೀನು ಬೇರೆ ಕಡೆ ಬಲೆಗೆ ಬಿದ್ದರೆ ಸಾರಾಗುತ್ತದೆ. ಮೀನಿನ ಬಗೆಗಿನ ತಿಳಿವಳಿಕೆ ಹೊಳೆಯ ತಿರುವಿಗೊಂದು ಬಗೆಯಾಗಿರುವುದಿಲ್ಲ. ಬದಲಾಗುವುದು ‘ಇಲ್ಲಿ ಯಾರೂ ಹಿಡಿಯುವುದಿಲ್ಲ’ ಎಂಬ ಊರ ಕಟ್ಟುಪಾಡು.

ಅದೂ ದೇವರ ಭಯವೇ ಅಲ್ಲವೇ ಎನ್ನಬಹುದು. ಭಯ ಇತ್ತು, ನಿಜ. ಆದರೆ 1801ರಲ್ಲಿ ಕಾರವಾರದ ಕಡೆ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟದ್ದನ್ನು ಗಮನಿಸಿ: ಕಾಡು ಗ್ರಾಮದೇವರದು, ಮರ ಕಡಿಯಲು ಊರ ಗೌಡನ ಅಪ್ಪಣೆ ಬೇಕು, ಆ ಗೌಡನೇ ಪೂಜಾರಿ. ಕಾಡು ಸರ್ಕಾರದ ಪಾಲಾಗದಂತೆ ಹೂಡಿದ ಉಪಾಯವಿದು ಎಂದು ಆತನಿಗೆ ಗುಮಾನಿ. ಆ ಗುಮಾನಿ ಹಾಗಿರಲಿ, ದೇವರನ್ನು ಕೇಳುವುದೆಂದರೆ ಊರೆದುರು ಕೇಳುವುದೇ ಆಗಿತ್ತು. ನೆರೆಹೊರೆಯ ಈ ಪ್ರಭಾವ ನಮ್ಮ ಅರಿವಿಗೇ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ನಿವಾಸಿಗಳನ್ನು ವಿದ್ಯುತ್ ಏಕೆ ಉಳಿಸುತ್ತೀರಿ ಎಂದು ಕೇಳಿದಾಗ, ಅಕ್ಕಪಕ್ಕದವರನ್ನು ನೋಡಿ ಎಂಬ ಕಾರಣಕ್ಕೆ ಅವರು ಕೊಟ್ಟದ್ದು ಕೊನೆಯ ಸ್ಥಾನ. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅವರ ನಡವಳಿಕೆಯೊಂದಿಗೆ ಎಲ್ಲಕ್ಕಿಂತ ಹೆಚ್ಚು ತಾಳೆಯಾದದ್ದು ಅದೇ ಕಾರಣ.

ಹಾಗೆಂದು ರೂಢಿಯೆಲ್ಲ ಹಸಿರಲ್ಲ. ಸಾಗರ, ಹೊಸನಗರದ ಕಡೆ ಕಾನಿನೊಳಕ್ಕೆ, ಅಂದರೆ ಊರು ಕಾಪಾಡಿಕೊಂಡು ಬಂದ ದಟ್ಟ ಕಾಡಿನೊಳಕ್ಕೆ, ಅಡಿಕೆ ತೋಟದ ಬೇಲಿ ಸರಿಯುವಾಗಲೂ ‘ಎಲ್ಲರೂ ಮಾಡಿದ್ದಾರೆ, ನಾನೊಬ್ಬ ಬಿಟ್ಟರೆ ಏನಾಯ್ತು’ ಎಂಬುದೇ ಸಮರ್ಥನೆ. ಆದ್ದರಿಂದ ‘ಒತ್ತುವರಿ ಮಿತಿಮೀರಿದೆ’ ಎಂದು ಫಲಕ ಹಾಕುವುದು ತಿರುಗುಬಾಣವಾದೀತು. ಅಮೆರಿಕದ ಅರಿಜೋನಾದಲ್ಲಿ, ಪಳೆಯುಳಿಕೆ ಮರದ ಚೂರುಗಳನ್ನು ಬಹಳ ಜನ ಒಯ್ದಿದ್ದಾರೆ ಎಂದು ಬರೆದ ಫಲಕದಿಂದ ಕಳವು ಹೆಚ್ಚಾಯಿತು.

ಇನ್ನು ‘ನಾವು ಮಲೆನಾಡಿನವರು’ ಎಂಬ ಭಾವ. ಲಿಂಗನಮಕ್ಕಿ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಸಾಗರದ ಸಾಹಿತಿ ನಾ. ಡಿಸೋಜ ಹೋರಾಟದ ಮುಂದಾಳಾಗಿದ್ದರು. ಇದು ಬರೀ ಪ್ರಾದೇಶಿಕ ಅಭಿಮಾನ ಎಂದು ಮೂಗು ಮುರಿದವರೂ ಉಂಟು. ಅಭಿಮಾನವಿಲ್ಲದೆ ಅಷ್ಟು ಜನ ಬೀದಿಗಿಳಿಯುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ಅದರ ಕೊರತೆ ಬೇರೆ ಕಡೆ ಇದೆ: ನೀರು ಒಯ್ಯುವವರು ಹೊರಗಿನವರಾದರೆ ಎದ್ದು ನಿಲ್ಲುವ ಊರು, ಕಾನು ಕಡಿದವನು ಒಳಗಿನವನೇ ಆದಾಗ ಅವನ ಮನೆ ಮದುವೆಗೆ ಹೋಗಿ ಊಟ ಮಾಡಿ ಬರುತ್ತದೆ.